ಪದಚರ್ಚೆ: ‘ಕ್ಯಾಶ್’ ಅನ್ನೋದಕ್ಕೆ ಏನು ಬರೀಲಿ? ನಾಳೆ ಬೆಳಗ್ಗೆ ಲ್ಯಾಬಿಗೆ ಅಂಟಿಸಬೇಕು

ಲ್ಯಾಬ್‌ನವಳು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿತ್ತು, ಅರ್ಜೆಂಟು. ನಮ್ಮ ಕಾಲೇಜಿನ ಲ್ಯಾಬಲ್ಲಿ ಸ್ಕ್ವಿಡ್ ಪ್ರಾಕ್ಸಿ ಐತೆ, ಅಂದ್ರೆ ನಮ್ಮ ಸಿಸ್ಟಮ್‌ಗಳಿಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲೋ ಸಾಫ್ಟ್‌ವೇರು, ಒಬ್ಬ ಹುಡುಗ ತೆಗೆದ ಚಿತ್ರಾನ ಅದು ತನ್ನ ಹತ್ರ ಇಟ್ಕೊಂಡು ಪಕ್ಕದ ಸಿಸ್ಟಮ್‌ನವರು ಕೇಳಿದಾಗ ಹೊರಗೆ ಹೋಗದೆ ಅಲ್ಲಿಂದಲೇ ಕೊಡಬೇಕು, ಹಿಂಗೆ ಇಟ್ಕೊಳ್ಳೋದಕ್ಕೇ ಇಂಗ್ಲಿಷಲ್ಲಿ ಕ್ಯಾಶ್ (cache) ಅನ್ನೋದು, ಅದೇ ಆಗ್ತಿಲ್ಲ. ಸಸ್ಯಶಾಸ್ತ್ರದ ಪಾಠದ ದೊಡ್ಡ ದೊಡ್ಡ ಫೋಟೋಗಳು ಪ್ರತಿ ಸಲ ಹೊಸದಾಗೇ ಇಳೀತಾವೆ, ಲೈನ್ ಪೂರ್ತಿ ಅದಕ್ಕೇ ಹೋಗುತ್ತೆ. ಏನೇನು ನೋಡಬೇಕು ಅಂತ ಲ್ಯಾಬ್ ಸಹಾಯಕರಿಗೆ ಕನ್ನಡದಲ್ಲಿ ಒಂದು ಹಾಳೆ ಬರೀತಿದೀನಿ, ಮೊದಲನೇ ಸಾಲಲ್ಲೇ ನಿಂತೋಗಿದೀನಿ: "ಪ್ರಾಕ್ಸಿಯು ಚಿತ್ರಗಳನ್ನು ಕ್ಯಾಶ್ ಮಾಡದಿದ್ದರೆ". ಕ್ಯಾಶ್ ಅಂತ ಬರೆದ್ರೆ ದುಡ್ಡು ಅಂತಲೇ ಓದ್ಕೊಳ್ತಾರೆ, ಎದುರಿಗೇ ಫೀಸ್ ಕೌಂಟರ್ ಬೇರೆ, ಅಲ್ಲೂ ಕ್ಯಾಶ್ ಅಂತಲೇ ಬೋರ್ಡು. ಹುಡುಗ್ರ ಬಾಯಲ್ಲಿ ಕ್ಯಾಚೆ, ಕ್ಯಾಚ್, ಕ್ಯಾಶೆ ಎಲ್ಲಾ ಓಡ್ತಾವೆ. ನಾಮಪದ ಬೇಕು, ಕ್ರಿಯಾಪದಾನೂ ಬೇಕು, ಹಂಗೇ ಲಾಗ್‌ನಲ್ಲಿ (ಪ್ರಾಕ್ಸಿ ಬರೆದಿಡೋ ದಾಖಲೆಯಲ್ಲಿ) ಬರೋ ಹಿಟ್ ಅಂದ್ರೆ ಸಿಕ್ಕಿದ್ದು, ಮಿಸ್ ಅಂದ್ರೆ ಸಿಗದಿದ್ದು, ಆಮೇಲೆ ಸ್ಟೇಲ್ ಇವಕ್ಕೂ ಏನಾದ್ರೂ ಹೇಳಿ. ಸಂಗ್ರಹ ಅಂತ ಹಾಕಬಹುದಿತ್ತು, ಆದ್ರೆ ತೆರಿಗೆ ಸಂಗ್ರಹಾನೂ ಸಂಗ್ರಹಾನೇ.

ದುರ್ಗದ ಮೇಷ್ಟ್ರು:

ಹಗೇವು. ಬೇರೆ ಹುಡುಕೋದೇ ಬೇಡಮ್ಮ.

ಕ್ಯಾಶ್ ಅನ್ನೋದರ ಮೂಲ ಫ್ರೆಂಚಿನದು, ಅಡಗಿಸು ಅಂತ ಅರ್ಥ. ಕೆನಡಾ ಕಡೆ ತುಪ್ಪಳದ ಬೇಟೆಯವರು ಆಹಾರ, ಚರ್ಮ ಹೂತಿಡೋ ಗುಂಡಿಗೆ ಈ ಹೆಸರು ಹೇಳ್ತಿದ್ರು. ನಮ್ಮ ಸೀಮೆಯಲ್ಲಿ ಹಗೇವು ಅಂದ್ರೆ ಅದೇ ಅಲ್ವಾ? ಗಟ್ಟಿ ನೆಲ ನೋಡಿ ತೋಡೋದು, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯೋವಷ್ಟು, ಒಳಗೆ ಹೊಟ್ಟೆ ಅಗಲ, ಸುತ್ತ ಹುಲ್ಲು ಒತ್ತಿ ಜೋಳಾನೋ ರಾಗೀನೋ ಸುರಿದು ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತೋದು. ತೆಗೆದ ಕೂಡ್ಲೆ ಯಾರೂ ಇಳೀತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗ್ಲಿ ಅಂತ ಕಾಯ್ತಿದ್ರು, ದೀಪ ಇಳಿಬಿಟ್ಟು ಉರಿಯುತ್ತಾ ಅಂತ ನೋಡ್ತಿದ್ರು, ಹಂಗೆ ನೋಡದೆ ಇಳಿದು ಸತ್ತವರೂ ಉಂಟು. ಇಂಥ ಪದ ಮನೆಯಲ್ಲೇ ಇರುವಾಗ ದಾಸ್ತಾನು ಅಂತ ಫಾರಸಿಗೆ ಯಾಕೆ ಹೋಗ್ಬೇಕು, ಸಂಗ್ರಹ ಅಂತ ಸಂಸ್ಕೃತಕ್ಕೆ ಯಾಕೆ ಹೋಗ್ಬೇಕು. ಕ್ರಿಯಾಪದ: ಹಗೇವಿಗೆ ಹಾಕು. ಮುಗೀತು.

ಇನ್ನೊಬ್ಬರು, ಚಳ್ಳಕೆರೆ:

ಪದ ಬದಲಾಯಿಸೋದೇ ಬೇಡ ಅಂತ ನನ್ನ ವಾದ. ಕ್ಯಾಶ್ ನಮ್ಮ ಕಾಸೇ ಅಲ್ವಾ? ಪೋರ್ಚುಗೀಸರು ಇಲ್ಲಿಂದ ಒಯ್ದು ಇಂಗ್ಲಿಷಿಗೆ ಕೊಟ್ಟಿದ್ದು. ನಮ್ಮ ಪದ ನಮಗೇ ವಾಪಸ್ ಬಂದೈತೆ, ಹಂಗೇ ಇಟ್ಕೊಳ್ಳಿ.

ದುರ್ಗದ ಮೇಷ್ಟ್ರು:

ಅಲ್ಲ. ಮೂರು ಬೇರೆ ಬೇರೆ ಪದ ಕಲಸಿದೀರಿ. ಹಳೇ ಚಿಲ್ಲರೆ ನಾಣ್ಯಕ್ಕೆ ಹೇಳೋ ಕ್ಯಾಶ್ ಮಾತ್ರ ಕಾಸಿನಿಂದ ಬಂದದ್ದು. ನಗದು ಅನ್ನೋ ಕ್ಯಾಶ್ ಫ್ರೆಂಚಿನ ಪೆಟ್ಟಿಗೆಯಿಂದ, ದುಡ್ಡಿನ ಪೆಟ್ಟಿಗೆಯಿಂದ ಬಂತು. ಈ ತಂಗಿ ಕೇಳ್ತಿರೋದು ಅಡಗಿಸೋ ಕ್ಯಾಶ್. ಇಂಗ್ಲಿಷಲ್ಲಿ ಬರೆಯೋದೂ ಬೇರೆ.

ನೆಟ್‌ವರ್ಕ್ ಕೆಲಸದವ, ಹರಿಹರ:

ಮೇಷ್ಟ್ರೇ, ಹಗೇವು ಕೇಳೋಕೆ ಚಂದ, ಕೆಲಸಕ್ಕೆ ಬರಲ್ಲ. ಹಗೇವು ತೆಗೆಯೋದು ಅಪರೂಪಕ್ಕೆ, ಇದನ್ನ ಕ್ಷಣಕ್ಕೊಂದು ಸಲ ತೆಗೀಬೇಕು. ಜಾಗ ಸಾಲದಿದ್ರೆ ಬಹಳ ಹೊತ್ತಿಂದ ಯಾರೂ ಕೇಳದೇ ಇರೋದನ್ನ ತಾನೇ ಹೊರಗೆ ಹಾಕುತ್ತೆ, ಸ್ಕ್ವಿಡ್‌ನಲ್ಲಿ ಮಾಮೂಲು ಲೆಕ್ಕ ಅದೇ. ಅಡಗಿಸೋ ಅರ್ಥ ಕಂಪ್ಯೂಟರಿನಲ್ಲಿ ಸತ್ತು ಬಹಳ ಕಾಲ ಆಯ್ತು, 1968ರಲ್ಲಿ ಐಬಿಎಂನವರು 360 ಮಾಡೆಲ್ 85 ಅನ್ನೋ ಕಂಪ್ಯೂಟರಿಗೆ ಈ ಪದ ಬಳಸಿದಾಗಲೇ ಅದು ಕೈಗೆ ಬೇಗ ಸಿಗೋ ಜಾಗ ಅನ್ನೋದಕ್ಕೆ ಬಳಕೆಯಾಗಿದ್ದು.

ಮೇಡಂ, ಪದಕ್ಕಿಂತ ಮುಂಚೆ ಒಂದು ವಿಷಯ. ಚಿತ್ರದ ಜೊತೆ ನೋ-ಕ್ಯಾಶ್ ಅನ್ನೋ ಸೂಚನೆ ಸರ್ವರಿನಿಂದ ಬಂದ್ರೆ ಅದನ್ನ "ಇಟ್ಟುಕೊಳ್ಳಬೇಡ" ಅಂತ ಕನ್ನಡ ಮಾಡಿಬಿಟ್ಟೀರಿ, ಹಂಗಲ್ಲ. ಇಟ್ಕೊಳ್ಳಬಹುದು, ಆದ್ರೆ ಕೊಡೋ ಮುಂಚೆ ಪ್ರತಿ ಸಲ ಮೂಲ ಸರ್ವರನ್ನ ಕೇಳಬೇಕು. ಇಟ್ಕೊಳ್ಳಲೇಬಾರದು ಅನ್ನೋದು ನೋ-ಸ್ಟೋರ್. ಪ್ರೈವೇಟ್ ಅಂತ ಇದ್ರೆ ಬ್ರೌಸರು ಇಟ್ಕೊಳ್ಳಬಹುದು, ನಡುವಿನ ಪ್ರಾಕ್ಸಿ ಇಟ್ಕೊಳ್ಳಂಗಿಲ್ಲ. ಈ ಮೂರಕ್ಕೂ ಒಂದೇ ಪದ ಹಾಕಿದ್ರೆ ಹಾಳೆ ಓದಿದವ ದಾರಿ ತಪ್ತಾನೆ. ಅದಕ್ಕೇ ನನ್ನ ಮಾತು, ನಾಮಪದದ ಹಿಂದೆ ಬೀಳ್ಬೇಡಿ, ಕ್ರಿಯಾಪದದಲ್ಲಿ ಬರೀರಿ: ಇಟ್ಕೊಳ್ಳೋದು, ಕೇಳಿ ಕೊಡೋದು, ಕೊಡೋದು.

ಸ್ಟೇಲ್‌ಗೆ ಹಳಸಿದ್ದು ಅಂತ ಮಾತ್ರ ಬರೀಬೇಡಿ. ಹಳಸಿದ್ದು ಎಸೆಯೋದು. ಸ್ಟೇಲ್ ಅಂದ್ರೆ ತಂಗಳು. ಅವಧಿ ಮುಗಿದಿರುತ್ತೆ ಅಷ್ಟೇ, ಮೂಲ ಸರ್ವರನ್ನ ಕೇಳಿದಾಗ ಬದಲಾಗಿಲ್ಲ ಅಂತ 304 ಉತ್ತರ ಬಂದ್ರೆ ಅದನ್ನೇ ಮತ್ತೆ ಕೊಡಬಹುದು. ಈ ವ್ಯತ್ಯಾಸ ಇಂಗ್ಲಿಷ್ ಪದಕ್ಕಿಂತ ನಮ್ಮ ಪದದಲ್ಲೇ ಸ್ಪಷ್ಟ ಐತೆ.

ಇನ್ನು ನಿಮ್ಮ ತೊಂದರೆ. ಲಾಗ್ ನೋಡಿ. ಚಿತ್ರದ ಸಾಲಿನಲ್ಲಿ ಟಿಸಿಪಿ ಟನಲ್ ಅಂತಿದ್ರೆ ಅದು ಎಚ್‌ಟಿಟಿಪಿಎಸ್, ಅಂದ್ರೆ ಗುಟ್ಟಾಗಿ ಕಟ್ಟಿ ಕಳಿಸೋದು, ಪ್ರಾಕ್ಸಿಗೆ ಒಳಗೇನು ಹೋಗ್ತಿದೆ ಅಂತಲೇ ಕಾಣಲ್ಲ, ಇಟ್ಕೊಳ್ಳೋ ಮಾತು ಎಲ್ಲಿಂದ ಬರುತ್ತೆ. ಮಿಸ್ ಅಂತಿದ್ರೆ ಮುಂದೆ ಹುಡುಕಬಹುದು. ಸಣ್ಣ ಲೋಗೋಗಳಿಗೆ ಮೆಮ್ ಹಿಟ್ (ಮೆಮೊರಿಯಲ್ಲಿ ಸಿಕ್ಕಿದ್ದು) ಬಂದು ದೊಡ್ಡ ಫೋಟೋಗಳಿಗಷ್ಟೇ ಮಿಸ್ ಬರ್ತಿದೆಯಾ?

ಲ್ಯಾಬ್‌ನವಳು, ದಾವಣಗೆರೆ:

ಹೌದು ಸಾರ್, ಹಂಗೇ ಬರ್ತಿದೆ. ಪಾಠದ ಸರ್ವರ್ ನಮ್ಮದೇ ವಿದ್ಯಾಸಂಸ್ಥೆಯ ಇನ್ನೊಂದು ಕ್ಯಾಂಪಸ್‌ನಲ್ಲಿದೆ, ಬರೀ ಎಚ್‌ಟಿಟಿಪಿ, ಟನಲ್ ಇಲ್ಲ.

ನೆಟ್‌ವರ್ಕ್ ಕೆಲಸದವ, ಹರಿಹರ:

ಹಂಗಾದ್ರೆ ಕಾನ್ಫಿಗ್ ಫೈಲಲ್ಲಿ ಕ್ಯಾಶ್ ಡೈರ್ ಸಾಲಿನ (ಡಿಸ್ಕ್ ಮೇಲೆ ಎಲ್ಲಿ ಇಡಬೇಕು ಅಂತ ಹೇಳೋದು) ಮುಂದೆ ಹ್ಯಾಶ್ ಗುರುತು (#) ಇನ್ನೂ ಇರುತ್ತೆ ನೋಡಿ, ಅದಿದ್ರೆ ಆ ಸಾಲು ಲೆಕ್ಕಕ್ಕಿಲ್ಲ. ಹೊಸದಾಗಿ ಹಾಕಿದಾಗ ಹಂಗೇ ಬರೋದು, ಅಂದ್ರೆ ಡಿಸ್ಕ್ ಮೇಲೆ ಏನೂ ಇಟ್ಕೊಳ್ಳಲ್ಲ, ಮೆಮೊರಿಯಲ್ಲಿ ಮಾತ್ರ, ಅಲ್ಲೂ ಒಂದೊಂದಕ್ಕೆ 512 ಕೆಬಿ ಮಿತಿ. ನಿಮ್ಮ ಎಲೆ ಹೂವಿನ ಫೋಟೋಗಳು ಅದಕ್ಕಿಂತ ದೊಡ್ಡವು. ಹ್ಯಾಶ್ ತೆಗೀರಿ. ಡಿಸ್ಕ್ ಮೇಲೆ ಇಡೋಕೂ ಮಾಮೂಲು ಮಿತಿ 4 ಎಂಬಿ, ಫೋಟೋ ಅದಕ್ಕಿಂತ ದೊಡ್ಡದಿದ್ರೆ ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್ ಹೆಚ್ಚಿಸಿ, ಆ ಸಾಲು ಕ್ಯಾಶ್ ಡೈರ್‌ಗಿಂತ ಮೇಲೆ ಇರಲಿ. ಕ್ಯಾಶ್ ಡೈರ್ ಸಾಲಲ್ಲೇ ಇರೋ 100 ಅಂದ್ರೆ 100 ಎಂಬಿ, ಒಂದು ಲ್ಯಾಬಿಗೆ ಅದು ಏನೂ ಸಾಲಲ್ಲ. ಸ್ಕ್ವಿಡ್ ನಿಲ್ಲಿಸಿ ಝಡ್ ಆಯ್ಕೆ ಕೊಟ್ಟು ಫೋಲ್ಡರ್‌ಗಳನ್ನ ಮಾಡಿಸಿ, ಫೋಲ್ಡರ್ ಸ್ಕ್ವಿಡ್ ಓಡೋ ಬಳಕೆದಾರನ ಹೆಸರಲ್ಲಿ ಇರ್ಬೇಕು, ರೂಟ್ (ಸಿಸ್ಟಮಿನ ಮೇಲ್ವಿಚಾರಕ ಖಾತೆ) ಹೆಸರಲ್ಲಿದ್ರೆ ಬರೆಯೋಕಾಗಲ್ಲ. ಪರೀಕ್ಷೆ ಮಾಡುವಾಗ ಕಂಟ್ರೋಲ್ ಎಫ್5 ಒತ್ತಬೇಡಿ, ಒತ್ತಿದ್ರೆ ಬ್ರೌಸರೇ ಹೊಸದು ತಗೊಂಬಾ ಅಂತ ಹೇಳುತ್ತೆ, ನೀವು ಮತ್ತೆ ಮಿಸ್ ನೋಡ್ತೀರಿ. ಇನ್ನೊಂದು ಸಿಸ್ಟಮಿಂದ ಅದೇ ಚಿತ್ರ ತೆಗೀರಿ.

ಮಂಡಿಪೇಟೆಯವನು, ದಾವಣಗೆರೆ:

ಪದದ ವಿಷಯಕ್ಕೆ ಬರ್ತೀನಿ. ದಾಸ್ತಾನು ಫಾರಸಿ ಅಂತ ಮೇಷ್ಟ್ರು ಬಿಟ್ಟುಬಿಟ್ರಲ್ಲ, ಹಂಗಾದ್ರೆ ಜಮಾ, ಖರ್ಚು, ಬಾಕಿ, ವಸೂಲಿ, ರವಾನೆ, ದಲ್ಲಾಳಿ ಇವನ್ನೆಲ್ಲಾ ಬಿಟ್ಟು ನಮ್ಮ ಎಪಿಎಂಸಿಯಲ್ಲಿ ಒಂದು ದಿನದ ಲೆಕ್ಕ ಬರೀರಿ. ಮೆಕ್ಕೆಜೋಳ ತಂದ ರೈತನಿಗೆ ದಾಸ್ತಾನು ಅಂದ್ರೆ ಗೊತ್ತು, ಅವನ ಮಗನಿಗೂ ಗೊತ್ತು, ಆ ಮಗನೇ ಈ ಲ್ಯಾಬಲ್ಲಿ ಕೂತಿರೋನು. ಹಗೇವು ಅವನು ಕಂಡೇ ಇಲ್ಲ. ಓದುವವನಿಗೆ ಗೊತ್ತಿರೋದೇ ಕನ್ನಡ.

ದುರ್ಗದ ಮೇಷ್ಟ್ರು:

ಕಂಡಿಲ್ಲ ಅನ್ನೋದು ಕಾರಣ ಆಗಲ್ಲ. ಬಳಸದೆ ಬಿಟ್ಟಿದ್ದಕ್ಕೇ ಕಂಡಿಲ್ಲ. ಚಾವಿ, ಮೇಜು ನಾನೂ ಹೇಳ್ತೀನಿ, ಆ ವಸ್ತು ಬರುವಾಗ ಹೆಸರು ಹೊತ್ಕೊಂಡೇ ಬಂತು, ಒಪ್ಪಿದೀನಿ. ಹೆಸರು ಇಲ್ಲೇ ಇದ್ದಾಗ ಹೊರಗಿನದನ್ನ ತಂದು ಕೂರಿಸೋದು ಸಾಲ ಅಲ್ಲ, ಮನೆ ಬಿಟ್ಟುಕೊಡೋದು. ನಮ್ಮ ದುರ್ಗದ ಕೋಟೆ ಮೇಲೆ ಎಣ್ಣೆಕೊಳ ಅಂತ ಇವತ್ತಿಗೂ ಹೇಳ್ತೀವಿ, ಆಯಿಲ್ ಟ್ಯಾಂಕ್ ಅಂತ ಯಾರೂ ಅನ್ನಲ್ಲ.

ಮಂಡಿಪೇಟೆಯವನು, ದಾವಣಗೆರೆ:

ಎಣ್ಣೆಕೊಳ ಇನ್ನೂ ಕಣ್ಣಿಗೆ ಕಾಣುತ್ತೆ ಮೇಷ್ಟ್ರೇ, ಅದಕ್ಕೇ ಹೆಸರು ಉಳಿದೈತೆ. ಇಷ್ಟೇ ನನ್ನದು.

ಲ್ಯಾಬ್‌ನವಳು, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಹ್ಯಾಶ್ ಗುರುತು ಇತ್ತು ಸಾರ್, ತೆಗೆದೆ, ಫೋಲ್ಡರ್ ಮಾಡಿಸಿದೆ, ಈಗ ಎರಡನೇ ಸಿಸ್ಟಮಿಂದ ತೆಗೆದಾಗ ಫೋಟೋಗೆ ಹಿಟ್ ಬಂತು. ಹಾಳೆಯಲ್ಲಿ ಬರೆದಿದ್ದು ಇದು, ಪ್ರಿಂಟಿಗೆ ಹೋಗ್ತಿದೆ:

"ಪ್ರಾಕ್ಸಿಯು ಚಿತ್ರಗಳನ್ನು ತನ್ನಲ್ಲಿ ಇಟ್ಟುಕೊಳ್ಳದಿದ್ದರೆ ಮೊದಲು ಲಾಗ್ ನೋಡಿ. ಹಿಟ್: ದಾಸ್ತಾನಿನಲ್ಲಿ ಸಿಕ್ಕಿತು. ಮಿಸ್: ಸಿಗಲಿಲ್ಲ, ಹೊರಗಿನಿಂದ ತಂದಿತು. ಟನಲ್: ಪ್ರಾಕ್ಸಿಗೆ ಕಾಣುವುದಿಲ್ಲ, ಹಾಗೆಯೇ ಬಿಡಿ. ತಂಗಳು ಚಿತ್ರವನ್ನು ಪ್ರಾಕ್ಸಿ ಕೇಳಿ ಕೊಡುತ್ತದೆ, ಅಳಿಸಬೇಡಿ. ನೋ-ಕ್ಯಾಶ್ ಎಂದರೆ ಕೇಳಿ ಕೊಡು, ನೋ-ಸ್ಟೋರ್ ಎಂದರೆ ಇಟ್ಟುಕೊಳ್ಳಬೇಡ."

ಕಾನ್ಫಿಗ್ ಸಾಲುಗಳ ಹೆಸರು ಮಾತ್ರ ಇದ್ದಂಗೇ ಬಿಟ್ಟಿದೀನಿ, ಫೈಲಲ್ಲಿ ಅದನ್ನೇ ಹುಡುಕಬೇಕಲ್ಲ. ಮೇಷ್ಟ್ರೇ, ಹಗೇವು ಹಾಕಲಿಲ್ಲ, ಬೇಜಾರು ಮಾಡ್ಕೋಬೇಡಿ.

ದುರ್ಗದ ಮೇಷ್ಟ್ರು:

ತಂಗಳು ಚೆನ್ನಾಗಿದೆ. ದಾಸ್ತಾನಿಗೆ ನನ್ನ ಒಪ್ಪಿಗೆ ಇಲ್ಲ.