ಜೆಲಿಸ್ಟ್‌ನಲ್ಲಿ ಖಾಲಿ ಜಾಗ ಒತ್ತಿದರೂ ಕೊನೆಯ ಐಟಂ ತೆರೆಯುತ್ತಿದೆ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಜಾವಾದಲ್ಲಿ ವಿಂಡೋ ಕಟ್ಟುವ ಲೈಬ್ರರಿಯಾದ ಸ್ವಿಂಗ್‌ನಲ್ಲಿ, ಸಾಲುಸಾಲಾಗಿ ಪಟ್ಟಿ ತೋರಿಸುವ ಜೆಲಿಸ್ಟ್ ಬಳಸುತ್ತಿದ್ದೇನೆ. ಐಟಂ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದರ ವಿವರದ ವಿಂಡೋ ತೆರೆಯಬೇಕು. ಮೌಸ್‌ಲಿಸನರ್ ಹಾಕಿ, ಮೌಸ್‌ಕ್ಲಿಕ್ಡ್ ಒಳಗೆ ಆಯ್ಕೆಯಾದ ಸಾಲಿನ ಸಂಖ್ಯೆ ಕೊಡುವ ಗೆಟ್‌ಸೆಲೆಕ್ಟೆಡ್‌ಇಂಡೆಕ್ಸ್ ಕರೆದಿದ್ದೇನೆ. ಪಟ್ಟಿಯ ಕೆಳಗಿನ ಖಾಲಿ ಜಾಗದಲ್ಲಿ ಒತ್ತಿದರೂ ಕೊನೆಯ ಐಟಂ ತೆರೆಯುತ್ತದೆ. ಕೆಲವೊಮ್ಮೆ ಐಟಂ ಮೇಲೇ ಒತ್ತಿದರೂ ಏನೂ ಆಗುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ: ಜೆಲಿಸ್ಟ್‌ನಲ್ಲಿ ಐಟಂ ಅನ್ನುವುದು ಬೇರೆ ಕಾಂಪೊನೆಂಟ್ ಅಲ್ಲ, ಬರೀ ಬಿಡಿಸಿದ ಚಿತ್ರ. ಕ್ಲಿಕ್ ಬೀಳುವುದು ಪಟ್ಟಿಯ ಮೇಲೆ. ಅದು ಯಾವ ಸಾಲಿನದು ಎಂದು ಬಿಂದುವಿನಿಂದ ನೀವೇ ಕಂಡುಹಿಡಿಯಬೇಕು.

ಅದಕ್ಕಿರುವುದು ಲೊಕೇಶನ್‌ಟುಇಂಡೆಕ್ಸ್. ಆದರೆ ಅದು ಕೊಡುವುದು ಬಿಂದುವಿಗೆ *ಹತ್ತಿರದ* ಸಾಲನ್ನು. ಪಟ್ಟಿಯ ಎತ್ತರ 300 ಪಿಕ್ಸೆಲ್, ಐದು ಐಟಂಗಳು, ಪ್ರತಿ ಸಾಲು 20 ಪಿಕ್ಸೆಲ್ ಅಂದುಕೊಳ್ಳಿ. ಐಟಂಗಳು 100ಕ್ಕೇ ಮುಗಿದವು. ವೈ 240ರಲ್ಲಿ ಒತ್ತಿದರೂ ಉತ್ತರ 4, ಅಂದರೆ ಕೊನೆಯ ಐಟಂ (ಎಣಿಕೆ 0ಯಿಂದ ಶುರು). ಮೈನಸ್ 1 ಬರುವುದು ಮಾಡೆಲ್ (ಪಟ್ಟಿಯ ಡೇಟಾ) ಖಾಲಿ ಇದ್ದಾಗ ಮಾತ್ರ. ಸ್ವಿಂಗ್ ತಾನು ಆಯ್ಕೆ ಬದಲಿಸುವಾಗಲೂ ಇದೇ ಮೆಥಡ್ ಕರೆಯುವುದರಿಂದ ಖಾಲಿ ಜಾಗ ಒತ್ತಿದರೂ ಕೊನೆಯ ಸಾಲಿಗೆ ಬಣ್ಣ ಬರುತ್ತದೆ.

ಹಾಗಾಗಿ ಸಿಕ್ಕ ಇಂಡೆಕ್ಸನ್ನು ಗೆಟ್‌ಸೆಲ್‌ಬೌಂಡ್ಸ್‌ಗೆ ಎರಡೂ ಆರ್ಗ್ಯುಮೆಂಟ್ ಆಗಿ ಕೊಟ್ಟು, ಬಂದ ಆಯತದ ಒಳಗೆ ಬಿಂದು ಇದೆಯೇ ಎಂದು ಕಂಟೇನ್ಸ್‌ನಿಂದ ಪರೀಕ್ಷಿಸಿ. ನಾನಾದರೆ ಜೆಲಿಸ್ಟ್‌ನ ಸಬ್‌ಕ್ಲಾಸ್ ಮಾಡಿ ಲೊಕೇಶನ್‌ಟುಇಂಡೆಕ್ಸನ್ನೇ ಓವರ್‌ರೈಡ್ ಮಾಡುತ್ತೇನೆ: ಬಿಂದು ಆಯತದ ಹೊರಗಿದ್ದರೆ ಮೈನಸ್ 1. ಆಗ ತಪ್ಪು ವಿಂಡೋ ತೆರೆಯುವುದೂ ನಿಲ್ಲುತ್ತದೆ, ತಪ್ಪು ಆಯ್ಕೆಯೂ ನಿಲ್ಲುತ್ತದೆ.

ಗೆಟ್‌ಸೆಲೆಕ್ಟೆಡ್‌ಇಂಡೆಕ್ಸ್ ನಂಬಬೇಡಿ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಆ ಸಾಲಿನ ಆಯ್ಕೆ ಹೋಗಬಹುದು. ಆಗ ಅದು ಬೇರೆ ಸಾಲನ್ನೋ ಮೈನಸ್ 1 ಅನ್ನೋ ಕೊಡುತ್ತದೆ.

"ಏನೂ ಆಗುವುದಿಲ್ಲ" ಎಂಬುದಕ್ಕೆ ಹೆಚ್ಚಾಗಿ ಕಾರಣ ಕೈ ಅಲುಗುವುದು. ಒತ್ತಿದ ಜಾಗದಿಂದ ಮೌಸ್ ಸರಿದ ಮೇಲೆ ಬಿಟ್ಟರೆ ಅದು ಡ್ರ್ಯಾಗ್ ಅನಿಸಿಕೊಳ್ಳುತ್ತದೆ, ಮೌಸ್‌ಕ್ಲಿಕ್ಡ್ ಬರುವುದಿಲ್ಲ. ಕೋಡನ್ನು ಮೌಸ್‌ಪ್ರೆಸ್ಡ್‌ಗೆ ಸಾಗಿಸಿ. ಎಷ್ಟು ಸಲ ಒತ್ತಿದರು ಎಂಬ ಎಣಿಕೆ ಕೊಡುವ ಗೆಟ್‌ಕ್ಲಿಕ್‌ಕೌಂಟ್ ಅಲ್ಲೂ ಸಿಗುತ್ತದೆ. ಜೊತೆಗೆ ಎಡ ಬಟನ್ ಹೌದೋ ಎಂದು ನೋಡಿ, ಬಲ ಬಟನ್ ಎರಡು ಸಲ ಒತ್ತಿದರೂ ಎಣಿಕೆ 2 ಆಗುತ್ತದೆ. ಎಣಿಕೆಯನ್ನು 2ಕ್ಕೆ *ಸಮವೇ* ಎಂದೇ ಕೇಳಿ. "2 ಅಥವಾ ಹೆಚ್ಚು" ಎಂದು ಬರೆದರೆ ಮೂರನೇ ಒತ್ತಿಗೆ ಇನ್ನೊಂದು ವಿಂಡೋ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಸರಿಹೋಯಿತು ಸರ್, ಧನ್ಯವಾದ. ಒಂದೇ ಕ್ಲಿಕ್‌ಗೆ ಬೇರೆ ಕೆಲಸ ಇಡಬಹುದೇ?

ಉತ್ತರ: ಇಡಬಹುದು, ಆದರೆ ಹಗುರವಾದದ್ದು. ಡಬಲ್ ಕ್ಲಿಕ್‌ಗೂ ಮೊದಲು ಎಣಿಕೆ 1ರ ಈವೆಂಟ್ ಬಂದೇ ಬರುತ್ತದೆ. ಮೊದಲ ಒತ್ತಿಗೇ ಡಯಲಾಗ್ ತೆರೆದರೆ ಎರಡನೆಯದು ಡಯಲಾಗ್‌ಗೆ ಹೋಗುತ್ತದೆ, ಪಟ್ಟಿಗೆ ತಲುಪುವುದೇ ಇಲ್ಲ. ಪಕ್ಕದ ಫಲಕದಲ್ಲಿ ವಿವರ ತೋರಿಸುವಂಥ ಕೆಲಸಕ್ಕೆ ಮೌಸ್ ಬೇಡ, ಲಿಸ್ಟ್‌ಸೆಲೆಕ್ಷನ್‌ಲಿಸನರ್ ಹಾಕಿ. ಬಾಣದ ಕೀಲಿಗಳಿಗೂ ಅದು ಸ್ಪಂದಿಸುತ್ತದೆ. ಒಳಗೆ ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್ (ಆಯ್ಕೆ ಇನ್ನೂ ಬದಲಾಗುತ್ತಿದೆ ಎಂಬ ಸೂಚನೆ) ನಿಜವಾಗಿದ್ದರೆ ಹಿಂದಿರುಗಿ, ಇಲ್ಲದಿದ್ದರೆ ಒಂದೇ ಆಯ್ಕೆಗೆ ಎರಡು ಸಲ ಓಡುತ್ತದೆ.

ಇನ್ನೊಬ್ಬರ ಪ್ರಶ್ನೆ: ಪ್ರತಿ ಸಾಲಿನಲ್ಲೂ ಅಳಿಸುವ ಬಟನ್ ಇಟ್ಟಿದ್ದೇನೆ ಸರ್, ಸಾಲುಗಳನ್ನು ಬಿಡಿಸುವ ರೆಂಡರರ್‌ನಲ್ಲಿ ಜೆಬಟನ್ ಸೇರಿಸಿ. ಕಾಣುತ್ತದೆ, ಒತ್ತಿದರೆ ಕೆಲಸ ಮಾಡುವುದಿಲ್ಲ.

ಉತ್ತರ: ಮೇಲೆ ಹೇಳಿದ ಕಾರಣವೇ. ರೆಂಡರರ್ ಒಂದು ರಬ್ಬರ್ ಸ್ಟ್ಯಾಂಪ್ ಇದ್ದ ಹಾಗೆ. ಒಂದೇ ಬಟನ್ ಪ್ರತಿ ಸಾಲಿಗೂ ಮುದ್ರೆ ಒತ್ತಿ ಹೋಗುತ್ತದೆ, ಪರದೆಯ ಮೇಲೆ ಉಳಿಯುವುದು ಗುರುತು ಮಾತ್ರ. ಆಕ್ಷನ್‌ಲಿಸನರ್‌ಗೆ ಸುದ್ದಿಯೇ ಬರುವುದಿಲ್ಲ.

ಬಟನ್ ಬದಲು ಐಕಾನ್ ಬಿಡಿಸಿ, ಜಾಗ ಲೆಕ್ಕ ಹಾಕಿ. ಐಕಾನ್ 16 ಪಿಕ್ಸೆಲ್, ಬಲಕ್ಕೆ 4 ಪಿಕ್ಸೆಲ್ ಬಿಡುವು ಇದ್ದರೆ, ಬಿಂದುವಿನ ಎಕ್ಸ್‌ನಿಂದ ಆಯತದ ಎಕ್ಸ್ ಕಳೆಯಿರಿ. ಉಳಿದದ್ದು ಆಯತದ ಅಗಲಕ್ಕಿಂತ 20 ಕಡಿಮೆಯಾದ ಸಂಖ್ಯೆಗೆ ಸಮ ಅಥವಾ ಹೆಚ್ಚಿದ್ದರೆ ಅದು ಅಳಿಸುವ ಒತ್ತು. ತೆಗೆಯುವುದು ಡಿಫಾಲ್ಟ್‌ಲಿಸ್ಟ್‌ಮಾಡೆಲ್‌ನ ರಿಮೂವ್‌ನಿಂದ. ಅರೇ ಕೊಟ್ಟು ಪಟ್ಟಿ ಕಟ್ಟಿದ್ದರೆ ಆ ಮಾಡೆಲ್‌ನಿಂದ ತೆಗೆಯಲಾಗದು, ಕ್ಯಾಸ್ಟ್ ಮಾಡಿದರೆ ಎಕ್ಸೆಪ್ಷನ್ ಬರುತ್ತದೆ.

ಪ್ರಶ್ನೆ: ಬಲ ಕ್ಲಿಕ್ ಮೆನು ವಿಂಡೋಸ್‌ನಲ್ಲಿ ಬರುತ್ತದೆ, ಮ್ಯಾಕ್‌ನಲ್ಲಿ ಇಲ್ಲ.

ಉತ್ತರ: ಇದು ಮೆನು ತೋರಿಸಬೇಕಾದ ಒತ್ತೇ ಎಂದು ಹೇಳುವ ಈಸ್‌ಪಾಪಪ್‌ಟ್ರಿಗರ್ ವಿಂಡೋಸ್‌ನಲ್ಲಿ ಬಟನ್ ಬಿಟ್ಟಾಗ ನಿಜವಾಗುತ್ತದೆ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಒತ್ತಿದಾಗ. ಒಂದು ಮೆಥಡ್ ಬರೆದು ಮೌಸ್‌ಪ್ರೆಸ್ಡ್, ಮೌಸ್‌ರಿಲೀಸ್ಡ್ ಎರಡರಿಂದಲೂ ಕರೆಯಿರಿ. ಬಲ ಕ್ಲಿಕ್ ಆಯ್ಕೆಯನ್ನು ಬದಲಿಸುವುದಿಲ್ಲ. ಮೆನು ತೋರಿಸುವ ಮುನ್ನ ಆ ಸಾಲು ಈಗಾಗಲೇ ಆಯ್ಕೆಯಾಗಿಲ್ಲದಿದ್ದರೆ ಸೆಟ್‌ಸೆಲೆಕ್ಟೆಡ್‌ಇಂಡೆಕ್ಸ್ ಕರೆಯಿರಿ. ಆಯ್ಕೆಯಾಗಿದ್ದರೆ ಮುಟ್ಟಬೇಡಿ, ಬಳಕೆದಾರರು ಆರಿಸಿಟ್ಟ ಹಲವು ಸಾಲುಗಳು ಕಳೆದುಹೋಗುತ್ತವೆ.