ವಾಚು ವಿದೇಶಕ್ಕೆ ಕಳಿಸುವಾಗ ವಿಮೆ: ಕೊರಿಯರಿನ "ಎಲ್ಲ ಸೇರಿದೆ" ಸಾಕಾ?

ಪ್ರಶ್ನೆ (ಉಪ್ಪಳ): ಅಪ್ಪ ದುಬೈಯಲ್ಲಿದ್ದಾಗ ತೆಗೆದ ಸ್ವಿಸ್ ಆಟೋಮ್ಯಾಟಿಕ್ ವಾಚು ಉಂಟು. ಈಗಿನ ಬೆಲೆ ಸುಮಾರು ನಾಲ್ಕೂವರೆ ಲಕ್ಷ. ಸರ್ವೀಸಿಗೆ ಸ್ವಿಟ್ಜರ್‌ಲೆಂಡಿಗೆ ಕಳಿಸಬೇಕು. ಕೊರಿಯರಿನವರು "ಇನ್ಶೂರೆನ್ಸ್ ಚಾರ್ಜಿನಲ್ಲೇ ಬಂತು" ಅಂತಾರೆ. ಅಷ್ಟು ಸಾಕಾ, ಬೇರೆ ಎಂತಾದ್ರೂ ಮಾಡ್ಬೇಕಾ?

ಉತ್ತರ (ಸರಕು ವಿಮೆಯ ಸರ್ವೇಯರ್, ಕಾಸರಗೋಡು): ಸಾಲದು. ಅವರು ಹೇಳುವುದು ಹೆಚ್ಚಿನ ಸಲ ವಿಮೆಯೇ ಅಲ್ಲ, ಸಾಗಿಸುವವನ ಹೊಣೆಗಾರಿಕೆ. ವಿಮಾನದಲ್ಲಿ ಹೋಗುವ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರ ಮಿತಿ 2024ರ ಡಿಸೆಂಬರ್ 28ರಿಂದ ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಒಂದಕ್ಕೆ ನೂರು ರೂಪಾಯಿಗಿಂತ ಸ್ವಲ್ಪ ಹೆಚ್ಚು. ನಿಮ್ಮ ಪೊಟ್ಟಣ ಒಂದು ಕಿಲೋ ತೂಗಿದರೆ, ವಾಚು ಪೂರ್ತಿ ಕಳೆದುಹೋದರೂ ಕೈಗೆ ಬರುವುದು ಮೂರು ಸಾವಿರದ ಆಸುಪಾಸು. ತೂಕಕ್ಕೆ ಪರಿಹಾರವೇ ಹೊರತು ಬೆಲೆಗೆ ಅಲ್ಲ.

ಕೊರಿಯರ್ ಫಾರ್ಮಿನಲ್ಲಿ ಬೆಲೆ ಬರೆಯಲು ಎರಡು ಕಾಲಮ್ ಇರುತ್ತದೆ, ಒಂದು ಕಸ್ಟಮ್ಸಿಗೆ, ಇನ್ನೊಂದು ಸಾಗಾಟಕ್ಕೆ. ಕಸ್ಟಮ್ಸ್ ಕಾಲಮಿನಲ್ಲಿ ನಾಲ್ಕೂವರೆ ಲಕ್ಷ ಬರೆದರೆ ಹೊಣೆ ಏರುವುದಿಲ್ಲ. ಸಾಗಾಟದ ಕಾಲಮಿನಲ್ಲಿ ಬರೆದು ಹೆಚ್ಚುವರಿ ಶುಲ್ಕ ಕಟ್ಟಿದರೆ ಮಿತಿ ಏರಬಹುದು. ಆದರೆ ವಾಚು, ಚಿನ್ನ, ರತ್ನಕ್ಕೆ ಬಹಳಷ್ಟು ಕಂಪೆನಿಗಳು ತಮ್ಮದೇ ಸಣ್ಣ ಮಿತಿ ಇಟ್ಟಿರುತ್ತವೆ, ಕೆಲವು ತೆಗೆದುಕೊಳ್ಳುವುದೇ ಇಲ್ಲ. ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: "ನಿಮ್ಮ ಷರತ್ತಿನಲ್ಲಿ ಕೈಗಡಿಯಾರಕ್ಕೆ ಗರಿಷ್ಠ ಎಷ್ಟು? ಬರೆದು ಕೊಡಿ." ಬರೆದು ಕೊಡದಿದ್ದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ನಿಮಗೆ ಬೇಕಾದದ್ದು ಒಂದೇ ಸಾಗಾಟದ ಮೆರೈನ್ ಪಾಲಿಸಿ. ಹೆಸರು ಮೆರೈನ್ ಆದರೂ ವಿಮಾನಕ್ಕೂ ಅದೇ. ಬ್ರೋಕರ್ ಮೂಲಕ ಹೋಗಿ. ಒಂದೇ ವಾಚಿಗೆ ಪಾಲಿಸಿ ಕೊಡಲು ಕೆಲವು ಕಂಪೆನಿಗಳು ಹಿಂದೆಮುಂದೆ ನೋಡುತ್ತವೆ. ಕೇಳಬೇಕಾದದ್ದು ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ (ಏರ್), ಅಂದರೆ ವಿಮಾನದ ಸರಕಿಗೆ ಇರುವ ಸಿದ್ಧ ವಿಮಾ ಷರತ್ತುಗಳು. ಯುದ್ಧ ಮತ್ತು ಮುಷ್ಕರದ ಕ್ಲಾಜು ಬೇರೆ, ಅದನ್ನೂ ಸೇರಿಸಿಕೊಳ್ಳಿ.

ಮೊತ್ತದ ಲೆಕ್ಕ ಹೀಗೆ: ವಾಚಿನ ಬೆಲೆ 4,50,000, ಸಾಗಾಟ ಮತ್ತು ಪ್ರೀಮಿಯಂ ಸೇರಿ 10,000 ಅಂತ ಇಟ್ಟುಕೊಳ್ಳಿ, ಒಟ್ಟು 4,60,000. ಅದಕ್ಕೆ ಶೇಕಡಾ 10 ಸೇರಿಸಿದರೆ 5,06,000. ಪಾಲಿಸಿಯಲ್ಲಿ ಈ ಮೊತ್ತ "ಒಪ್ಪಿದ ಬೆಲೆ" ಎಂದೇ ಬರಬೇಕು. ಇಲ್ಲದಿದ್ದರೆ ಕ್ಲೇಮಿನ ದಿನ ಸವಕಳಿ ಕಳೆಯುವ ಚರ್ಚೆ ಶುರುವಾಗುತ್ತದೆ. ಹಳೆಯ ಬಿಲ್ ಇಲ್ಲವಾದರೆ ವಾಚು ವ್ಯಾಪಾರಿಯ ಲೆಟರ್‌ಹೆಡ್ಡಿನಲ್ಲಿ ಮೌಲ್ಯಮಾಪನ ಪತ್ರ ಮಾಡಿಸಿ; ಮಾದರಿ ಸಂಖ್ಯೆ, ಸೀರಿಯಲ್ ನಂಬರ್, ದಿನಾಂಕ, ಫೋಟೋ ಇರಲಿ.

ಪ್ರೀಮಿಯಂ ಕಟ್ಟುವ ಮೊದಲು ಪೊಟ್ಟಣ ಕೊಡಬೇಡಿ. ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಹಣ ಬರದೆ ಕಂಪೆನಿ ಹೊಣೆ ಹೊರುವುದಿಲ್ಲ. ಬೆಳಿಗ್ಗೆ ಪಿಕಪ್, ಸಂಜೆ ಪ್ರೀಮಿಯಂ ಅಂದರೆ ನಡುವಿನ ಗಂಟೆಗಳು ನಿಮ್ಮ ತಲೆ ಮೇಲೆ.

ಪ್ರಶ್ನೆ (ಬದಿಯಡ್ಕ): ಸರ್, ವಾಚು ತಲುಪಿತು, ಆದರೆ ನಿಂತಿದೆ ಅಂತಾದರೆ? ಅದಕ್ಕೂ ವಿಮೆ ಕೊಡ್ತಾರಾ?

ಉತ್ತರ (ಸರ್ವೇಯರ್): ಜಗಳ ಜಾಸ್ತಿ ಆಗುವುದು ಇದರಲ್ಲೇ. ಹಳೆಯ ವಸ್ತುಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಹೊರಗೆ ಪೆಟ್ಟಿನ ಗುರುತಿಲ್ಲದೆ ಯಂತ್ರ ಕೆಟ್ಟರೆ ಪರಿಹಾರ ಇಲ್ಲ. ಪೆಟ್ಟಿಗೆ ಸರಿಯಾಗಿದೆ, ಗಾಜು ಸರಿಯಾಗಿದೆ, ಒಳಗೆ ಬ್ಯಾಲೆನ್ಸ್ ಸ್ಟಾಫಿನ (ಓಲಾಡುವ ಚಕ್ರದ ಅಚ್ಚಿನ) ತುದಿ ಮುರಿದಿದೆ. ವಿಮೆಯವರು "ಮೊದಲೇ ಹೀಗಿತ್ತು" ಅನ್ನುತ್ತಾರೆ, ಇಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಕಾಗದ ಇರುವುದಿಲ್ಲ. ಹೊರಡುವ ಮೊದಲು ಹೇಗೆ ಓಡುತ್ತಿತ್ತು ಎಂಬುದಕ್ಕೆ ದಾಖಲೆ ಬೇಕು.

ಉತ್ತರ (ವಾಚು ರಿಪೇರಿ, ಕುಂಬಳೆ): ಈ ಮಾತಿಗೆ ನಾನು ಸೇರಿಸುತ್ತೇನೆ. ಪೂರ್ತಿ ಕೀ ಕೊಟ್ಟು ಟೈಮ್‌ಗ್ರಾಫರ್ (ವಾಚಿನ ಓಟ ಅಳೆಯುವ ಯಂತ್ರ) ಮೇಲೆ ಇಟ್ಟು ಪರದೆಯ ಫೋಟೋ ತೆಗೆಸಿ. ಮೂರು ಅಂಕೆ ಕಾಣಬೇಕು: ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ, ಆಂಪ್ಲಿಟ್ಯೂಡ್ (ಒಳಗಿನ ಚಕ್ರ ಓಲಾಡುವ ಅಳತೆ) ಎಷ್ಟು ಡಿಗ್ರಿ, ಬೀಟ್ ಎರರ್ (ಟಿಕ್ ಮತ್ತು ಟಾಕ್ ನಡುವಿನ ಅಂತರದ ವ್ಯತ್ಯಾಸ) ಎಷ್ಟು ಮಿಲಿಸೆಕೆಂಡ್. ಸರಿಯಾಗಿ ಓಡುವ ವಾಚಿನಲ್ಲಿ ಡಯಲ್ ಮೇಲಾಗಿ ಇಟ್ಟಾಗ ಆಂಪ್ಲಿಟ್ಯೂಡ್ 270ರಿಂದ 300ರ ಒಳಗೆ ಬರುವುದು ಸಾಮಾನ್ಯ. ಹೋಗುವಾಗ 280, ಅಲ್ಲಿ ತೆರೆದಾಗ 190, ಬೀಟ್ ಎರರ್ 0.3 ಇದ್ದದ್ದು 3 ಆಗಿದ್ದರೆ, ದಾರಿಯಲ್ಲಿ ಪೆಟ್ಟು ಬಿದ್ದಿದೆ ಎಂಬ ವಾದಕ್ಕೆ ಬಲ ಬಂತು. ಓಟ ಒಮ್ಮೆಲೇ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಹೋಗಿದ್ದರೆ ಮೊದಲು ಡಿಮ್ಯಾಗ್ನೆಟೈಸ್ ಮಾಡಿಸಿ ನೋಡಿ. ಹೇರ್‌ಸ್ಪ್ರಿಂಗಿಗೆ (ಆ ಚಕ್ರದ ಕೂದಲೆಳೆ ಸ್ಪ್ರಿಂಗಿಗೆ) ಅಯಸ್ಕಾಂತ ಹಿಡಿದಿದ್ದರೂ ಹಾಗೆ ಆಗುತ್ತದೆ, ಅದು ಕ್ಲೇಮಿನ ವಿಷಯ ಅಲ್ಲ.

ಪ್ಯಾಕಿಂಗ್: ಕ್ರೌನ್ (ಕೀ ಕೊಡುವ ಗುಂಡಿ) ತಿರುಗಿಸಿ ಭದ್ರ ಮಾಡಿ. ಸ್ಟೀಲ್ ಚೈನಿನ ಲಾಕು ಹಿಂಬದಿಯ ಮುಚ್ಚಳಕ್ಕೆ ತಾಗದಂತೆ ನಡುವೆ ಸಣ್ಣ ದಿಂಬು ಇಡಿ, ಇಲ್ಲದಿದ್ದರೆ ಗೀರು ಬಿದ್ದು ಅದಕ್ಕೂ ವಿಮೆ ಕೇಳುವಂತಾಗುತ್ತದೆ. ಸಣ್ಣ ಗುಳ್ಳೆಯ ಬಬಲ್ ಶೀಟು ಮೂರು ಸುತ್ತು, ಅದು ಗಟ್ಟಿ ಒಳಪೆಟ್ಟಿಗೆಯಲ್ಲಿ ಅಲುಗಾಡದೆ ಕೂರಬೇಕು. ಅದನ್ನು ಐದು ಪದರದ ರಟ್ಟಿನ ಹೊರಪೆಟ್ಟಿಗೆಯಲ್ಲಿ, ಎಲ್ಲ ಕಡೆ 5 ಸೆಂಟಿಮೀಟರ್ ಫೋಮ್ ಬಿಟ್ಟು ಇಡಿ. ಅಲುಗಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ ಕಟ್ಟಿ. ಕಂಪೆನಿಯ ಹಸಿರೋ ಕೆಂಪೋ ಡಬ್ಬಿ ಮನೆಯಲ್ಲೇ ಇರಲಿ. ಹೊರಗೆ ಬ್ರ್ಯಾಂಡ್ ಹೆಸರು ಬರೆಯುವುದು ಕಳ್ಳನಿಗೆ ವಿಳಾಸ ಕೊಟ್ಟ ಹಾಗೆ.

ಇನ್ನೊಂದು, ಚರ್ಮದ ಬೆಲ್ಟ್ ಬಿಚ್ಚಿ ಕಳಿಸಿ. ಮೊಸಳೆ, ಹಾವು, ಉಡದ ಚರ್ಮವಾದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು. ಅದಿಲ್ಲದೆ ಹೋದರೆ ಕಸ್ಟಮ್ಸ್ ಮುಟ್ಟುಗೋಲು ಹಾಕಬಹುದು. ಮುಟ್ಟುಗೋಲಿನ ನಷ್ಟವನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಟ್ಟಿರುತ್ತವೆ. ಬೆಲ್ಟ್ ಹಿಡಿದಿರುವ ಎರಡು ಸ್ಪ್ರಿಂಗ್ ಬಾರ್ ತೆಗೆದರೆ ಮುಗಿಯುವ ಕೆಲಸ.

ಪ್ರಶ್ನೆ (ಉಪ್ಪಳ): ತುಂಬ ಉಪಕಾರ ಸರ್. ವಾಪಸು ಬರುವಾಗ ಡ್ಯೂಟಿ ಪೂರ್ತಿ ಕಟ್ಟಬೇಕಾ? ಬೆಲೆ ಕಮ್ಮಿ ಬರೆದರೆ ಹೇಗೆ ಅಂತ ಒಬ್ಬರು ಹೇಳಿದ್ರು.

ಉತ್ತರ (ಸರ್ವೇಯರ್): ಕಮ್ಮಿ ಬರೆಯುವ ಬುದ್ಧಿ ಬೇಡ ಮಾರಾಯ್ರೇ. ಕಸ್ಟಮ್ಸಿಗೆ 20,000, ವಿಮೆಗೆ 4,50,000 ಅಂತ ಎರಡು ಕಾಗದ ಇದ್ದರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ. ವಿಮೆ ಪರಮ ಸದ್ಭಾವದ ಒಪ್ಪಂದ, ಸುಳ್ಳು ಕಂಡರೆ ಪಾಲಿಸಿಯೇ ರದ್ದಾಗಬಹುದು.

ರಿಪೇರಿಗೆ ಹೋಗಿ ಬರುವ ವಸ್ತುವಿಗೆ 45/2017 ಕಸ್ಟಮ್ಸ್ ಅಧಿಸೂಚನೆ ಉಂಟು. ರಿಪೇರಿಯ ನ್ಯಾಯವಾದ ವೆಚ್ಚ, ಹೋಗಿ ಬರುವ ಸಾಗಾಟ ಮತ್ತು ವಿಮೆ, ಇಷ್ಟರ ಮೇಲೆ ಮಾತ್ರ ಡ್ಯೂಟಿ. ಷರತ್ತು: ಹೋದದ್ದೇ ಬಂದಿದೆ ಅಂತ ಅಧಿಕಾರಿಗೆ ಮನವರಿಕೆಯಾಗಬೇಕು, ಮಾಲೀಕತ್ವ ಬದಲಾಗಿರಬಾರದು. ಹೋಗುವಾಗಿನ ಶಿಪ್ಪಿಂಗ್ ಬಿಲ್ಲಿನಲ್ಲಿ (ಕಸ್ಟಮ್ಸಿಗೆ ಕೊಡುವ ರಫ್ತು ಪತ್ರದಲ್ಲಿ) "ರಿಪೇರಿಗೆ, ವಾಪಸು ಬರಲಿದೆ" ಎಂಬುದೂ ಸೀರಿಯಲ್ ನಂಬರೂ ಇಲ್ಲದಿದ್ದರೆ, ಬರುವಾಗ ಹೊಸ ವಾಚಿನ ಲೆಕ್ಕದಲ್ಲೇ ಡ್ಯೂಟಿ ಹಾಕಿಯಾರು.

ವಾಪಸು ದಾರಿಗೆ ಪಾಲಿಸಿ ಬೇರೆ. ಡೆಲಿವರಿ ಆದ ಕ್ಷಣ ಮೊದಲನೆಯದು ಮುಗಿಯಿತು. ಸರ್ವೀಸ್ ಸೆಂಟರಿನ ಮೇಜಿನ ಮೇಲಿದ್ದಾಗ ಅದು ನಿಮ್ಮ ಸಾಗಾಟ ಪಾಲಿಸಿಯೊಳಗೆ ಬರುವುದಿಲ್ಲ. ಅಲ್ಲಿಯ ವಿಮೆ ಯಾರದ್ದು ಅಂತ ಅವರಿಂದ ಬರೆಸಿಕೊಳ್ಳಿ. ಕಸ್ಟಮ್ಸಿನಲ್ಲಿ ತಡವಾದರೂ ಲಕ್ಷ್ಯ ಇರಲಿ, ವಿಮಾನದಿಂದ ಇಳಿದು 30 ದಿನಕ್ಕೆ ಏರ್ ಕ್ಲಾಜಿನ ರಕ್ಷಣೆ ನಿಲ್ಲುತ್ತದೆ. ಇಷ್ಟೆಲ್ಲ ಮಾಡುವ ಮೊದಲು ಬ್ರ್ಯಾಂಡಿನ ಭಾರತದ ಅಧಿಕೃತ ಸರ್ವೀಸ್ ಸೆಂಟರಿಗೆ ಒಂದು ಫೋನ್ ಮಾಡಿ. ಬೇಕಾದರೆ ಅವರೇ ಸ್ವಿಟ್ಜರ್‌ಲೆಂಡಿಗೆ ಕಳಿಸುವ ವ್ಯವಸ್ಥೆ ಇರುತ್ತದೆ.

ದುಬೈಗೆ ಹೋಗುವವರ ಕೈಯಲ್ಲೇ ಕಳಿಸುವುದಾದರೆ ಮಂಗಳೂರು ಅಥವಾ ಕಣ್ಣೂರು ಏರ್‌ಪೋರ್ಟಿನ ಕಸ್ಟಮ್ಸಿನಲ್ಲಿ ಹೊರಡುವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ (ವಾಚು ಇಲ್ಲಿಂದಲೇ ಹೋದದ್ದು ಎಂಬ ಪತ್ರ) ಮಾಡಿಸಿಕೊಳ್ಳಲಿ.

ಪ್ರಶ್ನೆ (ನೀರ್ಚಾಲು): ಅಜ್ಜನ ಕಾಲದ ಪಾಕೆಟ್ ವಾಚು ಮಾರಲು ಕಳಿಸಬಹುದಾ?

ಉತ್ತರ (ಸರ್ವೇಯರ್): ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತು ಕಾಯ್ದೆಗೆ ಬರುತ್ತದೆ, ಖಾಸಗಿಯಾಗಿ ಹೊರದೇಶಕ್ಕೆ ಕಳಿಸಲು ಬಿಡುವುದಿಲ್ಲ. ಅಂಚಿನಲ್ಲಿರುವ ವಾಚಾದರೆ ಪುರಾತತ್ವ ಇಲಾಖೆಯಿಂದ "ಪುರಾತನ ವಸ್ತು ಅಲ್ಲ" ಎಂಬ ಪತ್ರ ಬೇಕು.

ಪ್ರಶ್ನೆ (ಮಂಜೇಶ್ವರ): ಪೆಟ್ಟಿಗೆ ಜಜ್ಜಿ ಬಂದರೆ ಮೊದಲು ಮಾಡುವುದು ಎಂತ?

ಉತ್ತರ (ಸರ್ವೇಯರ್): ಡೆಲಿವರಿ ಹುಡುಗನ ಮೊಬೈಲಿನಲ್ಲಿ ಸುಮ್ಮನೆ ಸಹಿ ಹಾಕಬೇಡಿ, "ಮೂಲೆ ಜಜ್ಜಿದೆ, ಟೇಪು ಬದಲಾಗಿದೆ" ಅಂತ ಬರೆಸಿ, ಅವನ ಎದುರೇ ತೂಕ ನೋಡಿ. ಕಳಿಸುವಾಗಿನ ತೂಕ ಗ್ರಾಮಿನ ಲೆಕ್ಕದಲ್ಲಿ ಇದ್ದರೆ ಕಳ್ಳತನ ತೋರಿಸುವುದು ಸುಲಭ. 1,180 ಗ್ರಾಂ ಹೋಗಿ 1,020 ಬಂದರೆ ವಾದವೇ ಬೇಡ. ಲೇಬಲ್ ಕಾಣುವಂತೆ ಒಂದೇ ಓಟದ ವಿಡಿಯೋದಲ್ಲಿ ಬಿಚ್ಚಿ. ವಿಮಾ ಕಂಪೆನಿಗೆ ಅದೇ ದಿನ ಇಮೇಲ್. ಕೊರಿಯರಿಗೆ ಲಿಖಿತ ದೂರು 14 ದಿನದೊಳಗೆ; ಅದು ತಪ್ಪಿದರೆ ಅವರ ಮೇಲಿನ ಹಕ್ಕು ಹೋಗುತ್ತದೆ, ಅದರ ಜೊತೆಗೆ ವಿಮೆಯವರಿಗೂ ನೆಪ ಸಿಗುತ್ತದೆ. ಕೊರಿಯರಿನವರು ಮೂರು ಸಾವಿರ ಕೊಟ್ಟು "ಪೂರ್ಣ ಇತ್ಯರ್ಥ" ಎಂದು ಸಹಿ ಕೇಳಿದರೆ ಹಾಕಬೇಡಿ. ಆ ಸಹಿಯಿಂದ ವಿಮಾ ಕಂಪೆನಿ ಮುಂದೆ ಅವರಿಂದ ವಸೂಲು ಮಾಡುವ ದಾರಿ ಮುಚ್ಚುತ್ತದೆ, ನಿಮ್ಮ ಕ್ಲೇಮೂ ಬೀಳುತ್ತದೆ. ಸರ್ವೇಯರ್ ನೋಡುವ ತನಕ ಪೆಟ್ಟಿಗೆ, ಫೋಮು, ಟೇಪು ಯಾವುದನ್ನೂ ಬಿಸಾಡಬೇಡಿ.