ಮಂಗನಬಾವು, ಮಂಗನ ಕಾಯಿಲೆ, ಮಂಗನ ಸಿಡುಬು: ಯಾವುದಕ್ಕೆ ಯಾವ ಹೆಸರು?

ಬಳಗದ ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಶಾಲೆಯೊಂದರಿಂದ ಪೋಷಕರಿಗೆ ಹೋದ ಸೂಚನೆ ಕಣ್ಣಿಗೆ ಬಿತ್ತು: 'ಮಕ್ಕಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದೆ, ಕೆನ್ನೆ ಊದಿದ್ದರೆ ಶಾಲೆಗೆ ಕಳಿಸಬೇಡಿ.' ಅವರು ಹೇಳಹೊರಟಿದ್ದು ಮಂಗನಬಾವು, ಅಂದರೆ ಮಂಪ್ಸ್. ಆದರೆ ಸೊರಬ, ಸಾಗರ, ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆ ಎಂದರೆ ಜೀವಕ್ಕೇ ಎರವಾಗುವ ಜ್ವರ. ಆ ಸೂಚನೆ ಓದಿದ ತಾಯಂದಿರ ಎದೆ ಧಸಕ್ಕೆಂದಿರಬೇಕು.

ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಮೊದಲು ಮಂಗಗಳು ಸಾಯತೊಡಗಿದವು, ಜೊತೆಗೇ ಜನರಿಗೆ ಜ್ವರ ಬಂತು. ಊರವರ ಬಾಯಲ್ಲಿ ಹೆಸರು ನಿಂತುಬಿಟ್ಟಿತು. ಹಾಗೆ ನೋಡಿದರೆ ಸತ್ತವುಗಳಲ್ಲಿ ಮುಸುವಗಳೂ (ಕಪ್ಪು ಮುಖ, ಉದ್ದ ಬಾಲದ ಲಂಗೂರ್) ಬಹಳ ಇದ್ದವು. ಮಲೆನಾಡಿನವರು ಮಂಗ ಬೇರೆ, ಮುಸುವ ಬೇರೆ ಎಂದು ಖಚಿತವಾಗಿ ಹೇಳುವವರು, ಆದರೂ ಕಾಯಿಲೆಯ ಹೆಸರಿನಲ್ಲಿ ಮಂಗ ಒಂದೇ ಉಳಿಯಿತು. ಇದನ್ನು ಮನುಷ್ಯನಿಗೆ ದಾಟಿಸುವುದು ಮಂಗವಲ್ಲ, ಮೈಗೆ ಹತ್ತಿಕೊಂಡು ರಕ್ತ ಹೀರುವ ಉಣುಗು (ಉಣ್ಣೆ). ಅದರಲ್ಲೂ ಎಳ್ಳಿಗಿಂತ ಸಣ್ಣದಾದ ಮರಿ ಉಣುಗು. ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋದವರ ಕಾಲಿಗೆ ಹತ್ತಿಕೊಂಡು ಕಚ್ಚಿದರೆ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಚಳಿಜ್ವರ, ಸಹಿಸಲಾಗದ ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಆದರೆ ರೋಗಿಯಿಂದ ಪಕ್ಕದವರಿಗೆ ಇದು ಹರಡುವುದಿಲ್ಲ.

ಮಂಗನಬಾವು ಇದಕ್ಕೆ ತದ್ವಿರುದ್ಧ. ಕೆಮ್ಮು, ಸೀನು, ಎಂಜಲಿನ ಮೂಲಕ ಮಗುವಿನಿಂದ ಮಗುವಿಗೆ ಹರಡುತ್ತದೆ. ಸೋಂಕು ತಗುಲಿ ಎರಡು-ಮೂರು ವಾರಕ್ಕೆ ಕಿವಿಯ ಕೆಳಗೆ ದವಡೆಯ ಬಳಿ ಬಾವು ಬಂದು ಕಿವಿಯ ಹಾಲೆ ಮೇಲಕ್ಕೆ ತಳ್ಳಿದಂತೆ ಕಾಣುತ್ತದೆ. ಅಗಿಯಲು ಕಷ್ಟ, ಹುಳಿ ತಿಂದರೆ ನೋವು ಹೆಚ್ಚು. ಬಾವು ಬಂದು ಐದು ದಿನ ಮಗುವನ್ನು ಬೇರೆ ಮಕ್ಕಳಿಂದ ದೂರ ಇಡಬೇಕು. ಮಂಗ ಕೆನ್ನೆಯಲ್ಲಿ ತಿಂಡಿ ತುಂಬಿಕೊಂಡಾಗ ಕಾಣುವ ಮುಖವೇ ಈ ಹೆಸರಿಗೆ ಕಾರಣ ಎಂದು ನನ್ನ ಊಹೆ. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಕೊಡುವುದು ದಡಾರ-ರುಬೆಲ್ಲಾ ಲಸಿಕೆ, ಮಂಗನಬಾವಿನದು ಅದರಲ್ಲಿ ಸೇರಿಲ್ಲ. ಹಾಗಾಗಿ ಈ ಪದ ನಮಗೆ ಇನ್ನೂ ಬೇಕಾಗುತ್ತಲೇ ಇರುತ್ತದೆ.

ಇವೆರಡರ ನಡುವೆ ಈಗ 'ಮಂಗನ ಸಿಡುಬು' ಬಂದಿದೆ. 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡದ್ದಕ್ಕೆ ಮಂಕಿಪಾಕ್ಸ್ ಎಂದರು. ಮೈಗೆ ಮೈ ತಾಗುವ ಒಡನಾಟದಿಂದ ಹರಡುವ ಈ ರೋಗದಲ್ಲಿ ಜ್ವರ, ಊದಿದ ಗಂಟುಗಳು, ಕೀವುಗುಳ್ಳೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯೇ 2022ರ ನವೆಂಬರಿನಲ್ಲಿ ಎಂಪಾಕ್ಸ್ ಎಂದು ಹೆಸರು ಬದಲಿಸಿತು. ಅವರು ಬಿಟ್ಟ ಮಂಗವನ್ನು ನಾವು ಹೊಸದಾಗಿ ಕನ್ನಡಕ್ಕೆ ಕಟ್ಟುವುದು ಬೇಡ, ಎಂಪಾಕ್ಸ್ ಎಂದೇ ಬರೆಯೋಣ ಎಂಬುದು ನನ್ನ ಒತ್ತಾಯ.

ಮಂಗನ ಕಾಯಿಲೆ ಎಂಬ ಹೆಸರನ್ನು ಮಲೆನಾಡಿನ ಜ್ವರಕ್ಕೇ ಮೀಸಲಿಡಬೇಕು. ಇನ್ನು ಮಂಪ್ಸ್‌ಗೆ ಕರಾವಳಿಯಲ್ಲಿ 'ಕೆಪ್ಪಟರಾಯ' ಎನ್ನುತ್ತಾರೆ. ಮಂಗದ ಗೊಂದಲವೇ ಇಲ್ಲದ ಈ ಪದವನ್ನು ಸೂಚನೆಗಳಲ್ಲಿ ಮಂಗನಬಾವಿನ ಪಕ್ಕದಲ್ಲೇ ಬರೆಯಬಹುದಲ್ಲವೇ? ಕಲಬುರಗಿ, ಬೀದರ್, ಬಳ್ಳಾರಿ, ಚಾಮರಾಜನಗರದ ಕಡೆಯವರು ನಿಮ್ಮಲ್ಲಿ ಈ ಬಾವಿಗೆ ಏನೆನ್ನುತ್ತಾರೆ, ಯಾವ ವಯಸ್ಸಿನವರ ಬಾಯಲ್ಲಿ ಆ ಮಾತು ಈಗಲೂ ಇದೆ ಎಂದು ದಯವಿಟ್ಟು ತಿಳಿಸಿ. 'ಕೆಪ್ಪಟ' ಎಂಬುದನ್ನು ಕೆನ್ನೆ ಅಥವಾ ದವಡೆ ಎಂಬ ಅರ್ಥದಲ್ಲಿ ಬಿಡಿಯಾಗಿ ಬಳಸುವುದನ್ನು ಕೇಳಿದವರಿದ್ದರೆ ಆ ವಾಕ್ಯವನ್ನೂ ಹಾಗೆಯೇ ಬರೆದು ಕಳಿಸಿ.